ಓಡುತ್ತದೆ, ಆದರೆ ನಮ್ಮ ಹಾಗಿಲ್ಲ

'ವ್ಯಾಕರಣ ಸರಿಯಿದೆ, ಆದರೆ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲ' ಎಂಬ ಮಾತು ಅನುವಾದದ ಚರ್ಚೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪ್ರೋಗ್ರಾಮಿಂಗ್ ಭಾಷೆಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಇದೇ ಮಾತು ಬೇರೊಂದು ವೇಷದಲ್ಲಿ ದಿನವೂ ಎದುರಾಗುತ್ತದೆ. ಅಲ್ಲಿ ಅದರ ಹೆಸರು 'ಇಡಿಯಮ್ಯಾಟಿಕ್'. ಕೋಡ್ ಓಡುತ್ತದೆ, ಉತ್ತರ ಸರಿಯಾಗಿ ಬರುತ್ತದೆ, ಆದರೂ ಹೀಗೆ ಬರೆಯಬಾರದು. ಈ 'ಬಾರದು' ಎಂಬುದಕ್ಕೆ ಅಧಿಕಾರ ಎಲ್ಲಿಂದ ಬಂತು? ಸರಿಯಾದ ಉತ್ತರ ಕೊಟ್ಟವರಿಂದ ಇನ್ನೂ ಏನನ್ನೋ ಕೇಳುವ ಹಕ್ಕು ನಮಗಿದೆಯೇ?

ಬನಶಂಕರಿ ಎರಡನೇ ಹಂತದಲ್ಲಿ ನಾನಿರುವ ಪಿ.ಜಿ.ಗೆ ಕೊಪ್ಪಳ ಕಡೆಯ ಹುಡುಗಿಯೊಬ್ಬಳು ಬಂದು ನಾಲ್ಕು ತಿಂಗಳಾಗಿದೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಬಿಟಿಎಂ ಲೇಔಟಿನ ಸಣ್ಣ ಕಂಪನಿಯೊಂದರಲ್ಲಿ ಪೈಥಾನ್ ಬರೆಯುತ್ತಾಳೆ. ಬಾಕಿ ಉಳಿದ ಬಿಲ್ಲುಗಳ ಮೊತ್ತ ಕೂಡಿಸುವ ಲೂಪೊಂದನ್ನು ಅವಳು ಬರೆದಿದ್ದಳು. ಹಿರಿಯ ಸಹೋದ್ಯೋಗಿ ಅದರ ಪಕ್ಕದಲ್ಲಿ 'ಇಡಿಯಮ್ಯಾಟಿಕ್ ಅಲ್ಲ, ಫಂಕ್ಷನಲ್ ಶೈಲಿಯಲ್ಲಿ ಬರಿ' ಎಂದಷ್ಟೇ ಬರೆದು ವಾಪಸ್ ಕಳಿಸಿದ್ದರು. ಅವಳು ನನ್ನನ್ನು ಕೇಳಿದ್ದು ಹೀಗೆ: 'ಇದು ತಪ್ಪೈತೋ, ಇಲ್ಲಾ ನಾ ಹೊರಗಿನಾಕಿ ಅಂತ ಗೊತ್ತಾಗತೈತೋ?'

ಇದಕ್ಕಿಂತ ನೇರವಾಗಿ ಆ ಪ್ರಶ್ನೆಯನ್ನು ಕೇಳಲು ನನಗಂತೂ ಬರುವುದಿಲ್ಲ.

ಅವಳ ಲೂಪು ಮಾಡುತ್ತಿದ್ದದ್ದು ಇಷ್ಟು. 'ಮೊತ್ತ' ಎಂಬ ಡಬ್ಬಿ ಇಟ್ಟು ಅದರಲ್ಲಿ ಸೊನ್ನೆ ಹಾಕು. ಸೊನ್ನೆಯನೇ ಸ್ಥಾನಕ್ಕೆ ಹೋಗು. ಅಲ್ಲಿರುವ ಬಿಲ್ಲು ಬಾಕಿಯಿದ್ದರೆ ಡಬ್ಬಿಯಲ್ಲಿದ್ದುದಕ್ಕೆ ಸೇರಿಸು. ಸ್ಥಾನವನ್ನು ಒಂದು ಹೆಚ್ಚಿಸು. ಕೊನೆ ಮುಟ್ಟುವ ತನಕ ಇದನ್ನೇ ಮಾಡು. ಫಂಕ್ಷನಲ್ ಶೈಲಿಯಲ್ಲಿ ಡಬ್ಬಿಯೂ ಇಲ್ಲ, ಸ್ಥಾನವೂ ಇಲ್ಲ: ಬಾಕಿ ಬಿಲ್ಲುಗಳನ್ನು ಆರಿಸಿ, ಪ್ರತಿಯೊಂದರ ಮೊತ್ತ ತೆಗೆದು, ಕೂಡಿಸು. ಆರಿಸುವುದು ಫಿಲ್ಟರ್, ಒಂದೊಂದನ್ನೂ ಇನ್ನೊಂದಾಗಿ ಮಾರ್ಪಡಿಸುವುದು ಮ್ಯಾಪ್, ಎಲ್ಲವನ್ನೂ ಒಂದಕ್ಕಿಳಿಸುವುದು ರೆಡ್ಯೂಸ್ ಅಥವಾ ಫೋಲ್ಡ್. ಇದರ ಬೇರು 1930ರ ದಶಕದಲ್ಲಿ ಅಲೊಂಜೊ ಚರ್ಚ್ ರೂಪಿಸಿದ ಲ್ಯಾಂಬ್ಡಾ ಕ್ಯಾಲ್ಕುಲಸ್‌ನಲ್ಲಿದೆ. ಆದರೆ ಜಯನಗರ ನಾಲ್ಕನೇ ಬ್ಲಾಕಿನ ಮಾರುಕಟ್ಟೆಗೆ ಮಗನನ್ನು ಕಳಿಸುವ ತಾಯಿಯೂ ಹೀಗೆಯೇ ಮಾತಾಡುತ್ತಾಳೆ: 'ಕೊಳೆತದ್ದು ತೆಗೆದಿಟ್ಟು, ಉಳಿದದ್ದು ತೂಗಿಸಿ, ಎಷ್ಟಾಯ್ತು ಹೇಳು.' ಸೊನ್ನೆಯನೇ ಟೊಮೇಟೊದಿಂದ ಶುರುಮಾಡು ಎಂದು ಯಾರೂ ಹೇಳುವುದಿಲ್ಲ. ತೆಗೆದಿಟ್ಟು, ತೂಗಿಸಿ ಎಂದು ಕ್ರಿಯೆಗಳನ್ನು ಪೋಣಿಸುವುದು, 'ಒಂದೊಂದು', 'ಮನೆಮನೆಗೆ' ಎಂದು ಪದವನ್ನೇ ಇಮ್ಮಡಿಸಿ ಎಲ್ಲಕ್ಕೂ ಹಂಚುವುದು ಕನ್ನಡಕ್ಕೆ ಹುಟ್ಟಿನಿಂದ ಬಂದದ್ದು. ಆ ಹುಡುಗಿಗೆ ಈ ಶೈಲಿ ಪರಕೀಯವಾಗಿರಲಿಲ್ಲ. ಹೆಸರುಗಳು ಮಾತ್ರ ಪರಕೀಯವಾಗಿದ್ದವು.

ಅಂದಮಾತ್ರಕ್ಕೆ ಇದು ಬರೀ ಅಲಂಕಾರವಲ್ಲ. 'ಲೂಪ್' ಎಂಬ ಪದ ಕಂಡಾಗ ಓದುಗನಿಗೆ ಏನೂ ತಿಳಿಯುವುದಿಲ್ಲ, ಒಳಗೆ ಏನು ಬೇಕಾದರೂ ನಡೆದಿರಬಹುದು. ಮ್ಯಾಪ್ ಕಂಡರೆ ನೂರು ಒಳಗೆ ಹೋದಾಗ ನೂರೇ ಹೊರಗೆ ಬರುತ್ತವೆ ಎಂಬುದು ಮೊದಲೇ ಗೊತ್ತು. ಫಿಲ್ಟರ್ ಕಂಡರೆ ಹೊರಬರುವುದೆಲ್ಲ ಒಳಗಿದ್ದದ್ದೇ, ಕ್ರಮವೂ ಅದೇ, ಕೆಲವು ಕಡಿಮೆಯಾಗಿರಬಹುದು ಅಷ್ಟೆ. ಅಂದರೆ ಬರೆಯುವವಳು ತನ್ನ ಸ್ವಾತಂತ್ರ್ಯದ ಒಂದಷ್ಟು ಭಾಗವನ್ನು ಬಿಟ್ಟುಕೊಟ್ಟು ಓದುವವನಿಗೆ ಮಾತು ಕೊಡುತ್ತಿದ್ದಾಳೆ. ನಡುರಾತ್ರಿ ಎದ್ದು ಆ ಕೋಡಿನ ದೋಷ ಹುಡುಕಬೇಕಾದ ಅಪರಿಚಿತನೊಬ್ಬ ಡಬ್ಬಿಯ ಬೆಲೆ ಯಾವ ಸುತ್ತಿನಲ್ಲಿ ಎಷ್ಟಿತ್ತು ಎಂದು ತಲೆಯಲ್ಲಿ ಹೊತ್ತು ತಿರುಗಬೇಕಿಲ್ಲ. ಇಂಥ ಅಪರಿಚಿತನಿಗೆ ನಾವು ಋಣಿಗಳೆಂದು ನಾನು ನಂಬುತ್ತೇನೆ. 'ಬಾರದು' ಎಂಬುದಕ್ಕೆ ಏನಾದರೂ ನೈತಿಕ ಬಲವಿದ್ದರೆ ಅದು ಬರುವುದು ಈ ಋಣದಿಂದ.

ಆದರೆ ಆ ಓದುಗ ಯಾರು ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಪೈಥಾನ್ ರಚಿಸಿದ ಗೀಡೊ ವಾನ್ ರೋಸಮ್ 2005ರಲ್ಲಿ, ರೆಡ್ಯೂಸ್ ಬಳಸಿದ ಕೋಡ್ ಅರ್ಥವಾಗಬೇಕಾದರೆ ತನಗೆ ಕಾಗದ ಪೆನ್ನು ಬೇಕಾಗುತ್ತದೆ, ಅದಕ್ಕಿಂತ ಬಿಡಿಸಿ ಬರೆದ ಲೂಪೇ ಮೇಲು ಎಂಬ ಅರ್ಥದ ಮಾತು ಬರೆದ. ಪೈಥಾನ್ 3ರಲ್ಲಿ ರೆಡ್ಯೂಸನ್ನು ಮನೆಯೊಳಗಿನಿಂದ ತೆಗೆದು ಹಿತ್ತಲ ಕೋಣೆಗೆ, ಅಂದರೆ ಪ್ರತ್ಯೇಕ ಮಾಡ್ಯೂಲಿಗೆ, ಕಳಿಸಲಾಯಿತು. ಸ್ಕೀಮ್ ಭಾಷೆಯಲ್ಲಿ ಲೂಪಿನ ಬದಲು ಫಂಕ್ಷನ್ ತನ್ನನ್ನೇ ಕರೆಯುವುದು ಸಹಜ. ಕೊನೆಯ ಹೆಜ್ಜೆಯಲ್ಲಿ ಕರೆದರೆ ಹೆಚ್ಚಿನ ಜಾಗ ತಿನ್ನಬಾರದೆಂದು ಆ ಭಾಷೆಯ ನಿಯಮವೇ ಹೇಳುತ್ತದೆ. ಅದನ್ನೇ ಪೈಥಾನಿಗೆ ತಂದು ಎರಡು ಸಾವಿರ ಬಿಲ್ಲು ಕೂಡಿಸಹೊರಟರೆ ಪ್ರೋಗ್ರಾಂ ಮುರಿದು ಬೀಳುತ್ತದೆ, ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಇಟ್ಟಿರುವ ಮಿತಿ 1000 ಕರೆ. ಒಂದು ನೆಲದ ಜಾಣ್ಮೆ ಇನ್ನೊಂದರಲ್ಲಿ ಕಸಿಯಾಗುವುದೂ ಉಂಟು, ಬಿಡಿ. ಹ್ಯಾಸ್ಕೆಲ್‌ನ ಲಿಸ್ಟ್ ಕಾಂಪ್ರಿಹೆನ್ಶನ್ 2000ರಲ್ಲಿ ಪೈಥಾನಿಗೆ ಬಂದು ಈಗ ಅಲ್ಲಿನದೇ ಆಗಿಹೋಗಿದೆ.

ಕೇಶಿರಾಜ ನೆನಪಾಗುತ್ತಾನೆ. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದರೆ ಅದು ಅರಿಸಮಾಸ, ಕೂಡದು ಎಂದವನು ಹದಿಮೂರನೇ ಶತಮಾನದ 'ಶಬ್ದಮಣಿದರ್ಪಣ'ದಲ್ಲಿಯೇ ಬಿರುದುಗಳಿಗೆ, ಹಿಂದಿನ ಕವಿಗಳ ಪ್ರಯೋಗಗಳಿಗೆ ವಿನಾಯಿತಿ ಕೊಟ್ಟ. ಹೆಸರಾದ ಕವಿ ಬರೆದರೆ ಪ್ರಯೋಗ, ಹೊಸಬ ಬರೆದರೆ ದೋಷ! ಇತ್ತ ನಾವು 'ದಿನಬಳಕೆ' ಎಂದು ನಿಶ್ಚಿಂತೆಯಿಂದ ಬರೆಯುತ್ತಿದ್ದೇವೆ. ಕೋಡ್ ಪರಿಶೀಲನೆಯಲ್ಲೂ ಈ ಇಬ್ಬಂದಿ ನೋಡಿದ್ದೇನೆ: ಹಿರಿಯರ ಲೂಪಿಗೆ 'ವೇಗಕ್ಕಾಗಿ ಹೀಗೆ ಬರೆದದ್ದು' ಎಂಬ ಗೌರವ, ಕಿರಿಯರ ಅದೇ ಲೂಪಿಗೆ ಒಂದು ಪದದ ಷರಾ. ಕಾರಣ ಹೇಳಿದರೆ ಯಾರು ಬೇಕಾದರೂ ಕಲಿಯಬಹುದು, ಒಪ್ಪದಿದ್ದರೆ ವಾದಿಸಬಹುದು. ಕಾರಣವಿಲ್ಲದ 'ಇಡಿಯಮ್ಯಾಟಿಕ್ ಅಲ್ಲ' ಎಂಬುದಕ್ಕೂ, 'ಐತಿ' ಎಂದವಳನ್ನು ಕಂಡು ದಕ್ಷಿಣ ಬೆಂಗಳೂರಿನ ನಮ್ಮ 'ಶುದ್ಧ' ಕನ್ನಡ ನಗುವುದಕ್ಕೂ ನನಗೆ ವ್ಯತ್ಯಾಸ ಕಾಣುವುದಿಲ್ಲ.

ಆ ಲೂಪನ್ನು ಅವಳು ಒಂದೇ ಸಾಲಿಗೆ ಇಳಿಸಿದಳು. ನಿಜಕ್ಕೂ ಓದಲು ಹಗುರವಾಯಿತು. ಅದೇ ಹುರುಪಿನಲ್ಲಿ, ಬಾಕಿದಾರರಿಗೆಲ್ಲ ನೆನಪೋಲೆ ಕಳಿಸುವ ಇನ್ನೊಂದು ಲೂಪನ್ನೂ ಮ್ಯಾಪ್ ಮಾಡಿದಳು. ಒಂದೂ ಹೋಗಲಿಲ್ಲ. ಪೈಥಾನ್ 3ರ ಮ್ಯಾಪ್ ಸೋಮಾರಿ: ಫಲಿತಾಂಶವನ್ನು ಯಾರಾದರೂ ಕೇಳುವವರೆಗೆ ಅದು ಕೆಲಸವನ್ನೇ ಶುರುಮಾಡುವುದಿಲ್ಲ, ಮತ್ತು ಕಳಿಸಿದ ಓಲೆಯ ಫಲಿತಾಂಶ ಇಲ್ಲಿ ಯಾರಿಗೂ ಬೇಕಿರಲಿಲ್ಲ. ಅವಳು ಹಳೆಯ ಲೂಪನ್ನೇ ಮರಳಿ ಇಟ್ಟು, ಏಕೆ ಹಾಗಿದೆ ಎಂದು ಮೇಲೆ ಎರಡು ಸಾಲು ಬರೆದಳು.