ಎಲೆಯ ಮುಂದಿನ ಕೃತಜ್ಞತೆ



ನಮ್ಮ ಮನೆಗಳಲ್ಲಿ ‘ಶ್ರೀಕೃಷ್ಣಾರ್ಪಣಮಸ್ತು’ ಎಂಬ ಮಾತು ದಿನಕ್ಕೆ ಎಷ್ಟು ಸಲ ಕೇಳಿಬರುವುದೆಂಬುದಕ್ಕೆ ಲೆಕ್ಕವಿಲ್ಲ. ಪೂಜೆ ಮುಗಿದಾಗ, ದಾನವೀಯುವಾಗ, ಊಟವಾದಾಗ ಅದು ನಾಲಿಗೆಗೆ ತಾನಾಗಿಯೇ ಬರುತ್ತದೆ. ಮನಸ್ಸು ಮಾತ್ರ ಹಿಂದೆ ಉಳಿಯುತ್ತದೆ. ಪರಿಷೇಚನೆ ಮಾಡಿ, ಪ್ರಾಣಾಹುತಿಗಳನ್ನು ಸ್ವೀಕರಿಸಿದ ಮರುಕ್ಷಣವೇ “ಸಾರಿಗೆ ಉಪ್ಪು ಸಾಲದು” ಎಂದು ಮುಖ ಗಂಟಿಕ್ಕುವವರನ್ನು ಯಾವ ಮನೆ ಅರಿಯದು? ನೈವೇದ್ಯಕ್ಕೆ ಮೊದಲು ರುಚಿ ನೋಡುವಂತಿಲ್ಲ. ಮಡಿಯಲ್ಲಿ ಅಡಿಗೆ ಮಾಡಿದಾಕೆ ತನ್ನ ಕೈಯಳತೆಯನ್ನೇ ನಂಬಿದ್ದಳೆಂಬುದು ಆಗ ನೆನಪಿಗೆ ಬಾರದು.

ಕೃತವನ್ನು, ಎಂದರೆ ತನಗಾಗಿ ಮಾಡಲ್ಪಟ್ಟುದನ್ನು, ಅರಿತವನು ಕೃತಜ್ಞ. ಆದ್ದರಿಂದ ಇದು ಮೊದಲು ಜ್ಞಾನ. ಭಾವವು ಅದರ ಹಿಂದೆ ಬರತಕ್ಕದ್ದು. ಮನಸ್ಸು ಉಲ್ಲಾಸವಾಗಿರುವ ದಿನಕ್ಕಾಗಿ ಕಾಯಬೇಕಾಗಿಲ್ಲ. ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ವಿಂಗಡಿಸಿದ್ದಾರೆ. ಶ್ರೀಹರಿಯೊಬ್ಬನೇ ಸ್ವತಂತ್ರನು. ಇದನ್ನು ನಿಜವಾಗಿ ನಂಬಿದವನ ಹೆಗಲಿನಿಂದ ‘ಎಲ್ಲವೂ ನನ್ನಿಂದಲೇ ನಡೆಯಬೇಕು’ ಎಂಬ ಹೊರೆ ಇಳಿಯುತ್ತದೆ. ಇಂದು ಅನೇಕರ ನಿದ್ರೆಯನ್ನು ಕೆಡಿಸುತ್ತಿರುವುದು ಈ ಹೊರೆಯೇ ಅಲ್ಲವೇ?

“ಎಲ್ಲವನ್ನೂ ಮಾಡಿಸುವವನು ಹರಿಯಾದರೆ ಬಡಿಸಿದವರಿಗೇಕೆ ಉಪಕಾರಸ್ಮರಣೆ?” ಎಂದು ಕೇಳುವ ಜಾಣರುಂಟು. ಆದರೆ ನಮ್ಮ ಸಿದ್ಧಾಂತದಲ್ಲಿ ಜಗತ್ತು ಸತ್ಯ, ಭೇದ ಸತ್ಯ. ಒಲೆಯ ಮುಂದೆ ನಿಂತ ಜೀವ ಸತ್ಯ, ಆಕೆಯ ಬೆವರೂ ಸತ್ಯ. ಆಕೆಯಲ್ಲಿ ನಿಂತು ಮಾಡಿಸಿದ ಬಿಂಬರೂಪಿಗೆ ಕೈಮುಗಿದು ಆಕೆಯನ್ನು ಕಡೆಗಣಿಸುವುದು ಯಾವ ವೇದಾಂತ?

ಮಾನವಿಯ ಶ್ರೀ ಜಗನ್ನಾಥದಾಸರ (1728–1809) ಚರಿತ್ರೆಯನ್ನು ಇಲ್ಲಿ ನೆನೆಯಬೇಕು. ಶ್ರೀನಿವಾಸಾಚಾರ್ಯರೆಂಬ ಪಂಡಿತರಾಗಿದ್ದಾಗ ಅವರು ಶ್ರೀ ವಿಜಯದಾಸರು ಕರೆದ ಊಟವನ್ನು ಹೊಟ್ಟೆನೋವಿನ ನೆಪ ಹೇಳಿ ತಿರಸ್ಕರಿಸಿದರೆಂದೂ, ಆ ನೋವು ನಿಜವಾಗಿಯೇ ಬಂದಿತೆಂದೂ, ಕೊನೆಗೆ ಶ್ರೀ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷಗಳನ್ನು ಧಾರೆಯೆರೆದು ಉಳಿಸಿದರೆಂದೂ ಸಂಪ್ರದಾಯ ಹೇಳುತ್ತದೆ. (ರೋಗಿಗಳನ್ನೆಲ್ಲ ಅಪರಾಧಿಗಳೆನ್ನಲು ಈ ಕಥೆಯನ್ನು ಬಳಸಬಾರದು, ಅದು ಕಥೆಗೇ ಮಾಡುವ ಅಪಚಾರ.) ಆಮೇಲೆ ಅವರಿಗೆ ಪ್ರತಿಯೊಂದು ಬೆಳಗೂ ಮತ್ತೊಬ್ಬರು ಕೊಟ್ಟದ್ದು. ಒಂದು ಹೊತ್ತಿನ ಊಟವನ್ನು ಒಲ್ಲೆನೆಂದವರೇ ಮುಂದೆ ಹರಿಕಥಾಮೃತಸಾರದಲ್ಲಿ ಭೋಜನರಸವಿಭಾಗಸಂಧಿಯನ್ನು ರಚಿಸಿ, ಅನ್ನ, ಹಾಲು, ತುಪ್ಪಗಳಲ್ಲಿ ಯಾವ ದೇವತೆ, ಯಾವ ಭಗವದ್ರೂಪವೆಂದು ಬಿಡಿಸಿ ತೋರಿಸಿದರು. ಎಲೆಯ ಮುಂದೆ ಕುಳಿತವನ ಅನುಸಂಧಾನಕ್ಕೆ ಇದಕ್ಕಿಂತ ಹೆಚ್ಚಿನ ಕೈಪಿಡಿ ಬೇಕೆ?

2003ರಲ್ಲಿ ಅಮೆರಿಕದ ಎಮನ್ಸ್ ಮತ್ತು ಮೆಕಲೊ ಎಂಬ ಮನಃಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, 10 ವಾರ ತಮಗೊದಗಿದ ಒಳಿತನ್ನು ಬರೆದಿಟ್ಟವರು, ಕಿರಿಕಿರಿಗಳನ್ನು ಬರೆದಿಟ್ಟವರಿಗಿಂತ ಬಾಳಿನ ಬಗ್ಗೆ ಹೆಚ್ಚು ಸಮಾಧಾನ ತೋರಿದರು. ಆದರೂ ಇದನ್ನು ಸರ್ವರೋಗಕ್ಕೂ ಔಷಧವೆನ್ನಲಾಗದು. ಖಿನ್ನತೆಯಿಂದ ಬಳಲುವವರನ್ನು ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮಗನನ್ನು ಕಳೆದುಕೊಂಡ ತಾಯಿಗೆ “ಇದ್ದುದಕ್ಕೆ ಸಂತೋಷಪಡು” ಎನ್ನುವುದು ಧರ್ಮೋಪದೇಶವಲ್ಲ, ಕ್ರೌರ್ಯ. ಅಲ್ಲಿ ಮೌನವಾಗಿ ಬಳಿಯಲ್ಲಿ ಕುಳಿತರೆ ಸಾಕು.

ಉಳಿದವರು ಆಪೋಶನಕ್ಕೆ ಮುನ್ನ ಒಂದು ಉಸಿರಿನ ಹೊತ್ತು ನಿಲ್ಲೋಣ. ಅಂದು ತಮಗೆ ಉಪಕರಿಸಿದ ಒಬ್ಬರನ್ನು, ಅವರೊಳಗಿನ ಹರಿಯನ್ನು ನೆನೆದು, ಊಟವಾದ ಮೇಲೆ ಆ ಮಾತನ್ನು ಅವರಿಗೂ ಹೇಳೋಣ. ಏಕಾದಶಿಯಂದು ಎಲೆಯಿಲ್ಲ, ಅಂದು, ಉಪವಾಸದ ಆಯಾಸದಲ್ಲಿಯೂ ದ್ವಾದಶಿಯ ಪಾರಣೆಗೆಂದು ನಸುಕಿನಲ್ಲೇ ಎದ್ದು ಒಲೆ ಹಚ್ಚಲಿರುವವರನ್ನು ನೆನೆಯಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥