ತನುವಿನ ದಾಸೋಹ ಯಾರದು?

ಶರಣರು ಬೋಧಿಸಿದ ತತ್ತ್ವಗಳಲ್ಲಿ ಕಾಯಕವೂ ದಾಸೋಹವೂ ಒಂದನ್ನೊಂದು ಬಿಟ್ಟಿರಲಾರವು. ದುಡಿಯದೆ ನೀಡುವವನು ಪರರ ಸೊತ್ತನ್ನು ನೀಡುತ್ತಾನೆ. ದುಡಿದೂ ನೀಡದವನು ಪರರ ಪಾಲನ್ನು ತಾನೇ ಇಟ್ಟುಕೊಳ್ಳುತ್ತಾನೆ. ನೀಡುವುದರಲ್ಲಿಯೂ ತನು, ಮನ, ಧನಗಳೆಂದು ಮೂರು ಬಗೆ. ಧನವನ್ನು ಆಳಿನ ಕೈಯಲ್ಲಿ ಕೊಟ್ಟು ಕಳುಹಿಸಬಹುದು. ಆದರೆ ಆಳಿನ ತನುವನ್ನೇ ತನ್ನ ದಾಸೋಹವೆಂದು ಒಡೆಯನು ಅರ್ಪಿಸಬಹುದೆ? ಈ ಪ್ರಶ್ನೆಯು ಮೇಲ್ನೋಟಕ್ಕೆ ಪಂಡಿತರ ಚರ್ಚೆಯಂತೆ ಕಂಡರೂ ಇಂದು ಪ್ರತಿಯೊಬ್ಬ ವ್ಯಾಪಾರಿಯ ಬಾಗಿಲಿಗೆ ಬಂದು ನಿಂತಿದೆ. ಅಂಗಡಿ, ಕಾರ್ಖಾನೆ, ಬ್ಯಾಂಕುಗಳ ನೌಕರರನ್ನು ಕಡಲತೀರ ಗುಡಿಸಲು, ಗಿಡ ನೆಡಲು ಕಳುಹಿಸುವ ಪದ್ಧತಿ ಈಗ ಹಲವೆಡೆ ಬೆಳೆಯುತ್ತಿದೆ. ಅದು ಒಳ್ಳೆಯದೇ ಸರಿ. ಆದರೆ ಆ ಪುಣ್ಯದ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು?

ಉತ್ತರ ಕನ್ನಡದ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳನ್ನು ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಈ ಊರುಗಳ ವ್ಯಾಪಾರವೆಲ್ಲ ನೀರಿನ ಋಣದಿಂದ ಬೆಳೆದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಅರಳೆ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು. ಆ ಅರಳೆಗೆ ಕುಮಟಾ ಅರಳೆಯೆಂಬ ಹೆಸರೇ ನಿಂತಿತು. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಕೂಡುತ್ತಾಳೆ. ಕುಮಟೆಯ ಬಳಿ ಅಘನಾಶಿನಿಯು ದೊಡ್ಡ ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬಂದು ಸಮುದ್ರವನ್ನು ಸೇರುತ್ತಾಳೆ. ಆ ಅಳಿವೆಯ 4,801 ಹೆಕ್ಟೇರು ಪ್ರದೇಶವು 2024ರಲ್ಲಿ ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿ ಲೋಕಮಾನ್ಯವಾಯಿತು. ಅಲ್ಲಿ ಹೆಂಗಸರು ಇಳಿತದ ಹೊತ್ತಿನಲ್ಲಿ ಬಳಚು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತದೆ. ಕಾಂಡ್ಲ ಗಿಡಗಳ ಬೇರಿನ ನಡುವೆ ಮೀನಿನ ಮರಿಗಳು ಆಶ್ರಯ ಪಡೆಯುತ್ತವೆ. ಹೊನ್ನಾವರದ ಕಾಸರಕೋಡು ತೀರವು 2020ರಲ್ಲಿ ‘ನೀಲಿ ಧ್ವಜ’ದ ಮನ್ನಣೆ ಪಡೆಯಿತು. ಆ ಸೀಮೆಯ ಮರಳಿನಲ್ಲಿಯೇ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಮುರ್ಡೇಶ್ವರಕ್ಕೆ ಬರುವ ಯಾತ್ರಿಕರಿಂದ ಭಟ್ಕಳ ತಾಲೂಕಿನ ಎಷ್ಟೋ ವಸತಿಗೃಹ, ಖಾನಾವಳಿಗಳು ಬದುಕುತ್ತವೆ. ಮೀನು ಮಾರುವವನೂ ಮಂಜುಗಡ್ಡೆ ಮಾಡುವವನೂ ಊಟ ಬಡಿಸುವವನೂ ಈ ನೀರಿಗೆ ಸಾಲಗಾರರೇ. ಆದುದರಿಂದ ತೀರವನ್ನು ಕಾಯುವುದನ್ನು ಉಪಕಾರವೆಂದು ಕರೆಯಲಾಗದು. ಅದು ಸಾಲದ ಮರುಪಾವತಿ.

ಸರ್ಕಾರವೂ ಈ ಋಣವನ್ನು ಒಂದು ಮಟ್ಟಿಗೆ ಗುರುತಿಸಿದೆ. 2013ರ ಕಂಪನಿಗಳ ಕಾಯಿದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕೆಂದು ವಿಧಿಸುತ್ತದೆ. ಆದರೆ ಈ ಕರಾವಳಿಯ ಕಿರಾಣಿ ಅಂಗಡಿ, ಅಡಕೆ ಮಂಡಿ, ಖಾನಾವಳಿಗಳಿಗೆ ಆ ಕಾಯಿದೆ ತಗಲುವುದಿಲ್ಲ. ಅವರನ್ನು ಬಾಧ್ಯರನ್ನಾಗಿ ಮಾಡಬಲ್ಲುದು ಅಂತಃಸಾಕ್ಷಿಯೊಂದೇ. ಶರಣರ ಮಾತು ಉಪಯೋಗಕ್ಕೆ ಬರುವುದು ಇಂಥಲ್ಲಿಯೇ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಕಥೆಯನ್ನು ಸದ್ಭಕ್ತರೆಲ್ಲರೂ ಬಲ್ಲರು. ಅನೇಕ ಜನರನ್ನು ಕೂಡಿಸಿಕೊಂಡು ಅವರು ಕೆರೆ ಕಟ್ಟಿಸಿದರು, ಲೋಕಕ್ಕೆ ನೀರೆರೆದರು. ಇದಕ್ಕಿಂತ ಮಿಗಿಲಾದ ಲೋಕಹಿತವೆಲ್ಲಿದೆ? ಆದರೂ ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವರನ್ನು ಒಡ್ಡನೆಂದು ಕರೆದು ಕೆಣಕಿದರೆಂದು ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಪ್ರಭುಗಳು ಕೆರೆಯನ್ನು ಹಳಿಯಲಿಲ್ಲ. ಕಟ್ಟಿದವನು ತಾನೆಂಬ ಭಾವವು ಕೆರೆಯ ಏರಿಗಿಂತ ಎತ್ತರವಾಗಿ ಬೆಳೆಯುವುದನ್ನು ಕಂಡು ಎಚ್ಚರಿಸಿದರು. ಗುದ್ದಲಿ ಹಿಡಿದವರು ಸಾವಿರ, ಹೆಸರು ಒಬ್ಬರದು ಎಂಬ ಸ್ಥಿತಿಯಲ್ಲಿ ಈ ಅಪಾಯವು ಸದಾ ಇರುತ್ತದೆ.

ಹಾಗಾದರೆ ಒಡೆಯನು ಮಾಡಬೇಕಾದುದೇನು? ತನ್ನದಾಗಿರುವುದನ್ನು ಮಾತ್ರ ಅವನು ಕೊಡಬಲ್ಲನು. ನೌಕರನ ಸಂಬಳದ ವೇಳೆಯು ಅವನು ಕ್ರಯ ಕೊಟ್ಟು ಪಡೆದುದು. ಅದನ್ನು ಬಿಟ್ಟುಕೊಟ್ಟರೆ ಅದು ಅವನ ನಿಜವಾದ ದಾನ. ತಿಂಗಳಿಗೊಂದು ಅರ್ಧ ದಿನದ ಕೆಲಸವನ್ನು ನಿಲ್ಲಿಸಿ, ಸಂಬಳ ಕಡಿಯದೆ, ‘ಇಚ್ಛೆಯಿದ್ದವರು ಹೋಗಿರಿ’ ಎಂದರೆ ಧನದ ದಾಸೋಹ ಒಡೆಯನದು, ತನುವಿನ ದಾಸೋಹ ನೌಕರನದು. ಇದಕ್ಕೆ ವಿರುದ್ಧವಾಗಿ, ವಾರದ ರಜೆಯನ್ನು ಕಸಿದುಕೊಂಡು, ಬಾರದವರ ಹೆಸರನ್ನು ಗುರುತು ಹಾಕಿಕೊಂಡು ಕಳುಹಿಸಿದರೆ ಅದು ದಾಸೋಹವಲ್ಲ, ಬಿಟ್ಟಿ. ಹಿಂದೆ ಊರೊಡೆಯರು ಬಿಟ್ಟಿ ಮಾಡಿಸಿಕೊಂಡಂತೆಯೇ ಇದೂ ಆಗುವುದು. ಕೆಲಸ ಪವಿತ್ರವಾದ ಮಾತ್ರಕ್ಕೆ ಬಲಾತ್ಕಾರವು ಪವಿತ್ರವಾಗದು. ನೌಕರನು ಬಾಯಿಬಿಟ್ಟು ಒಲ್ಲೆನೆನ್ನಲಾರನು. ಅವನ ಅನ್ನವು ಒಡೆಯನ ಕೈಯಲ್ಲಿದೆ. ಆದುದರಿಂದ ಒಲ್ಲೆನೆನ್ನುವ ದಾರಿಯನ್ನು ಒಡೆಯನೇ ತೆರೆದಿಡಬೇಕು. ಸಾಧ್ಯವಾದರೆ ತಾನೂ ಬುಟ್ಟಿ ಹಿಡಿದು ಜೊತೆಗೆ ಹೋಗಬೇಕು.

ಎರಡನೆಯ ಮಾತು ಆಯ್ದಕ್ಕಿ ಲಕ್ಕಮ್ಮನವರಿಂದ ಕಲಿಯತಕ್ಕದ್ದು. ಗಂಡನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ, ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಆಕೆ ಕಳುಹಿಸಿದಳು. ದಾಸೋಹಕ್ಕೆಂದೇ ತಂದುದಾದರೂ ಅಳತೆ ಮೀರಿದ ಸಂಗ್ರಹವು ಸಲ್ಲದೆಂಬುದು ಆಕೆಯ ನಿಲುವು. ವರ್ಷವಿಡೀ ಹೊಲಸು ನೀರನ್ನು ಚರಂಡಿಯಿಂದ ಹೊಳೆಗೆ ಬಿಟ್ಟು, ಗಿರಾಕಿಗಳಿಗೆ ಪ್ಲಾಸ್ಟಿಕ್ ಚೀಲ ಹಂಚಿ, ಒಂದು ದಿನ ಹತ್ತು ಜನರನ್ನು ತೀರಕ್ಕೆ ಕಳುಹಿಸುವ ವ್ಯಾಪಾರಿಯು ಲಕ್ಕಮ್ಮನ ಮುಂದೆ ನಿಲ್ಲಬಲ್ಲನೆ? ಕರ್ನಾಟಕವು 2016ರಲ್ಲಿಯೇ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕೇಂದ್ರ ಸರ್ಕಾರವೂ ನಿಷೇಧಿಸಿತು. ಮೊದಲು ತನ್ನ ಅಂಗಡಿಯ ಹಿಂಬಾಗಿಲು ಶುದ್ಧವಾಗಲಿ, ಆಮೇಲೆ ಕಡಲತೀರ.

ಮೂರನೆಯದು ಅರಿವು. ಅರಿವಿಲ್ಲದ ಸೇವೆಯು ಅಪಕಾರವೂ ಆದೀತು. ಆಮೆ ಮೊಟ್ಟೆಯಿಡುವ ಕಾಲದಲ್ಲಿ ಮರಳನ್ನು ಕೆರೆದು ಗುಡಿಸಿದರೆ ಗೂಡು ಹಾಳಾಗುವುದು. ಬಳಚು ಬೆಳೆಯುವ ದಿಬ್ಬದ ಮೇಲೆ ಕಾಂಡ್ಲ ನೆಟ್ಟರೆ ಬಡವಳ ತುತ್ತು ಹೋಗುವುದು. ಆದುದರಿಂದ ಪೇಟೆಯಿಂದ ಹೋದವರು ಮೊದಲು ಅರಣ್ಯ ಇಲಾಖೆಯವರನ್ನೂ ಅಲ್ಲಿಯ ಮೀನುಗಾರರನ್ನೂ ಬಳಚು ಹೆಕ್ಕುವ ತಾಯಂದಿರನ್ನೂ ಕೇಳಬೇಕು. ಹರಿದ ಬಲೆಯ ತುಂಡುಗಳನ್ನು ಹೆಕ್ಕುವುದು, ಬಿರುಕು ಬಿಟ್ಟ ಗಜನಿ ಕಟ್ಟೆಗೆ ಮಣ್ಣು ಹೊರುವುದು, ಮಳೆಗಾಲದಲ್ಲಿ ಕಾಂಡ್ಲದ ಮೊಳಕೆಗಳನ್ನು ಕೂಡಿಸಿ ತಕ್ಕ ಕೆಸರಿನಲ್ಲಿ ನೆಡುವುದು, ಇಂಥ ಕೆಲಸ ಅಲ್ಲಿ ಬೇಕಾದಷ್ಟಿದೆ. ಇದೇ ಜಿಲ್ಲೆಯ ಶಿರಸಿ ಸೀಮೆಯ ಸಲ್ಕಣಿಯಲ್ಲಿ 1983ರಲ್ಲಿ ಹಳ್ಳಿಗರು ಮರಗಳನ್ನು ಅಪ್ಪಿ ಉಳಿಸಿದರು. ಅವರನ್ನು ಯಾವ ಒಡೆಯನೂ ಕಳುಹಿಸಿರಲಿಲ್ಲ. ಕಾಡಿನ ನೋವು ತಮ್ಮದೆಂದು ಬಲ್ಲುದರಿಂದ ಅವರು ಹೋದರು.

ಹೀಗಿರಲು ಪುಣ್ಯದ ಲೆಕ್ಕ ಯಾರದೆಂಬ ಪ್ರಶ್ನೆಗೆ ಉತ್ತರವು ದೊರೆಯಿತು. ಒಡೆಯನದು ಬಿಟ್ಟುಕೊಟ್ಟ ವೇಳೆ, ನೌಕರನದು ಬೆವರು, ಊರವರದು ತಿಳಿವಳಿಕೆ. ಇವುಗಳಲ್ಲಿ ಯಾವುದನ್ನು ಕಳೆದರೂ ಕೆಲಸವು ಕೆಡುವುದು. ಮೂರೂ ಕೂಡಿದಾಗ ‘ನಾನು ಮಾಡಿದೆ’ ಎನ್ನಲು ಯಾರಿಗೂ ಎಡೆಯಿರದು. ವ್ಯಾಪಾರದಲ್ಲಿರುವ ಸದ್ಭಕ್ತರು ಬರುವ ತಿಂಗಳ ಲೆಕ್ಕದ ಪುಸ್ತಕದಲ್ಲಿ ಇಂಥ ಅರ್ಧ ದಿನವೊಂದನ್ನು ಖರ್ಚಿಗೆ ಬರೆಯಲಿ. ಅಂಗಡಿಯ ಹೆಸರಿನ ಫಲಕವನ್ನು ಮಾತ್ರ ತೀರಕ್ಕೆ ಒಯ್ಯದಿರಲಿ.