ಬರುವವಳಿಗೆ ಎತ್ತಿಟ್ಟದ್ದು ಏನು?

ಕತ್ತಿ ಹಿಡಿದು ಕೊಂದರೆ ಪೊಲೀಸರು ಬರುತ್ತಾರೆ, ಕೋರ್ಟು ಕೇಳುತ್ತದೆ. ಕೊಂದ ಕೈಯೇ ಕಾಣದ ಸಾವಿಗೆ ಯಾರನ್ನು ಕೇಳುವುದು? ಹೆತ್ತ ಮರುಗಳಿಗೆಯಲ್ಲೇ ರಕ್ತ ಹರಿದು ಹೆಣ್ಣೊಬ್ಬಳು ಸಾಯುತ್ತಾಳೆ. 'ಇಂಜೆಕ್ಷನ್ ಇರಲಿಲ್ಲ ಕಣಪ್ಪ, ಏನ್ಮಾಡಾದು' ಅಂತಾರೆ ಆಸ್ಪತ್ರೆಯವರು. 'ಅವಳ ಹಣೇಲಿ ಅಷ್ಟೇ ಬರೆದಿತ್ತು' ಅಂತಾಳೆ ಕೇರಿಯ ಮುದುಕಿ. ಒಂದು 'ಇಲ್ಲ', ಒಂದು 'ಹಣೆಬರಹ' ಸೇರಿದರೆ ಫೈಲು ಮುಚ್ಚುತ್ತದೆ. ಈ 'ಇಲ್ಲ' ಎಂಬ ಮಾತು ಅಷ್ಟೊಂದು ಮುಗ್ಧವೆ? ನಮ್ಮ ಪ್ರಶ್ನೆ ಇದು.

ಇಲ್ಲವಾಗುವುದು ಯಾವುದೋ ಅಪರೂಪದ ಸಂಜೀವಿನಿಯಲ್ಲ. ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್. ಬಿ.ಪಿ. ಏರಿ ಫಿಟ್ಸ್ ಬಂದ ಬಸುರಿಗೆ ಕೊಡುವ ಮೆಗ್ನೀಸಿಯಂ ಸಲ್ಫೇಟ್. ಅಳದೆ ಹುಟ್ಟಿದ ಕೂಸಿಗೆ ಗಾಳಿ ಒತ್ತುವ ಅಂಬು ಬ್ಯಾಗು, ಆ ಪುಟ್ಟ ಮುಖಕ್ಕೆ ಹೊಂದುವ ಮಾಸ್ಕು. ಎಲ್ಲ ಹಳೆಯವು, ಅಗ್ಗದವು. ಆದರೆ ಅವಳು ಬಂದ ಮೇಲೆ ತರಿಸುತ್ತೇವೆಂದರೆ ಆಗದು. ಕೂಸಿನ ಉಸಿರಿಗೆ ಮೊದಲ ಒಂದು ನಿಮಿಷವೇ ಮುಖ್ಯ. ಚಿಕಿತ್ಸೆ ಸಿಗದೆ ರಕ್ತ ಹರಿಯುತ್ತಿದ್ದರೆ ಗಟ್ಟಿಮುಟ್ಟಾದ ಹೆಣ್ಣೂ ಒಂದೆರಡು ಗಂಟೆಯಲ್ಲಿ ಹೋಗಿಬಿಡಬಹುದು. ಆಕ್ಸಿಟೋಸಿನ್ ಸುಮ್ಮನೆ ಇದ್ದರೂ ಸಾಲದು, 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಕರೆಂಟು ಹೋಗಿ ದಿನಗಟ್ಟಲೆ ಕಾವಿನಲ್ಲಿ ಬಿದ್ದರೆ ಅದರ ಸತ್ವ ಇಳಿಯುತ್ತದೆ. ನೋಡಲು ಮಾತ್ರ ನೀರಿನಷ್ಟೇ ತಿಳಿಯಾಗಿರುತ್ತದೆ.

ಎಂದರೆ ಇನ್ನೂ ಬಾರದ, ಹೆಸರೂ ಗೊತ್ತಿಲ್ಲದ ಒಬ್ಬಳಿಗಾಗಿ ಇವತ್ತೇ ಎತ್ತಿಡಬೇಕು. ಔಷಧಿಗೆ ಇಂಡೆಂಟು ಬರೆಯುವುದೂ ಒಂದು ನೀತಿಯ ಕೆಲಸವೇ. 'ಅವಳು ಬರುತ್ತಾಳೆ, ಅವಳು ಬದುಕಬೇಕು' ಎಂದು ಮನಸ್ಸಿನಲ್ಲಿ ಒಪ್ಪಿಕೊಂಡವರು ಮಾತ್ರ ಎತ್ತಿಡುತ್ತಾರೆ.

ಎತ್ತಿಡುವುದು ಈ ಸಮಾಜಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ನಮಗೆ ಅಂತ ಬೇರೆ ಲೋಟ ಎತ್ತಿಟ್ಟವರು ಇವರೇ. ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಅದು ಒಂದು ದಿನವೂ ತಪ್ಪಲಿಲ್ಲ. 'ನಿಮ್ಮ ಲೋಟ ಸ್ಟಾಕಿಲ್ಲ, ಒಳಗೇ ಬಂದು ಕೂತ್ಕೊಳ್ಳಿ' ಎಂದು ಯಾರೂ ಕರೆಯಲಿಲ್ಲ. ನಮ್ಮ ಸುಡುಗಾಡಿನ ಜಾಗವನ್ನು ನಾವು ಹುಟ್ಟುವ ಮೊದಲೇ ಗೊತ್ತುಮಾಡಿದ್ದರು. ಅವಮಾನ ಮಾಡಲು ಇಷ್ಟು ಮುಂದಾಲೋಚನೆ ಇದ್ದವರಿಗೆ, ಜೀವದ ಮಾತು ಬಂದಾಗ ಮಾತ್ರ ಮರೆವು ಎಲ್ಲಿಂದ ಬಂತು?

'ಮನೇಲಿ ಹೆರಬೇಡಿ, ಆಸ್ಪತ್ರೆಗೆ ಬನ್ನಿ' ಎಂದು ಸರ್ಕಾರ ಕರೆಯಿತು. ನಮ್ಮ ಹೆಣ್ಣುಮಕ್ಕಳು ಬಂದರು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 100 ಹೆರಿಗೆಗಳಲ್ಲಿ 97 ಆಸ್ಪತ್ರೆಗಳಲ್ಲೇ ಆಗಿವೆ. ಇದರಿಂದ ಒಳಿತಾಗಿದೆ, ಸಾವು ಇಳಿದಿದೆ, ಇಲ್ಲ ಅನ್ನುವುದಿಲ್ಲ. ಆದರೂ 2018-20ರ ಸರ್ಕಾರಿ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ ಸತ್ತ ತಾಯಂದಿರು 19, ಕರ್ನಾಟಕದಲ್ಲಿ 69. ಹಣೆಬರಹ ಬರೆಯುವವನು ರಾಜ್ಯದ ಗಡಿ ನೋಡಿ ಬರೆಯುತ್ತಾನೆಯೆ? ಊಟಕ್ಕೆ ಕರೆದವನು ಎಲೆ ಹಾಕಬೇಕು. ಹೆರಿಗೆಗೆ ಕರೆದವನು ಔಷಧಿ ಇಟ್ಟಿರಬೇಕು.

'ಪಾಪ, ನರ್ಸಮ್ಮನ ತಪ್ಪೇನು?' ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆಯೇ. ನಡುರಾತ್ರಿ ಒಬ್ಬಳೇ ಹೆರಿಗೆ ಮಾಡಿಸುವ ಅವಳೂ ನಮ್ಮಂಥವರ ಮಗಳು. ಖಾಲಿ ಬೀರುವಿನ ಬೀಗದಕೈಯನ್ನು ಅವಳಿಗೆ ಕೊಟ್ಟವರು ಬೇರೆ. ಆಸ್ಪತ್ರೆ ಜಿಲ್ಲೆಯನ್ನು ತೋರಿಸುತ್ತದೆ, ಜಿಲ್ಲೆ ಉಗ್ರಾಣವನ್ನು, ಉಗ್ರಾಣ ಟೆಂಡರನ್ನು. ಹೀಗೆ ಹಂಚಿಹೋದ ತಪ್ಪು ಕಡೆಗೆ ಯಾರದೂ ಅಲ್ಲವಾಗುತ್ತದೆ. ಇನ್ನು ದುಡ್ಡಿಲ್ಲ ಎಂಬ ನೆಪ. ಅದನ್ನು ಸುಪ್ರೀಂ ಕೋರ್ಟು 1996ರಲ್ಲೇ ತಳ್ಳಿಹಾಕಿದೆ. ಪಶ್ಚಿಮ ಬಂಗಾಳದ ಖೇತ್ ಮಜ್ದೂರ್ ಸಮಿತಿಯ ಕೇಸಿನಲ್ಲಿ, ಸರ್ಕಾರಿ ಆಸ್ಪತ್ರೆ ತುರ್ತು ಚಿಕಿತ್ಸೆ ಕೊಡದಿದ್ದರೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕನ್ನೇ ಮುರಿದಂತೆ ಎಂದು ಹೇಳಿದೆ.

'ಇದೆ' ಎಂಬ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಕೆಲವೇ ವಾರಗಳಲ್ಲಿ ಸತ್ತರು. ಅನುಮಾನ ಹೋದದ್ದು ಸರ್ಕಾರವೇ ಕೊಂಡು ಹಂಚಿದ ಡ್ರಿಪ್ ಬಾಟಲಿಯ ಮೇಲೆ. ಬಡವರಿಗೆ ಎತ್ತಿಡುವಾಗ ಏನನ್ನು ಎತ್ತಿಡುತ್ತೇವೆ ಎಂಬುದೂ ನೀತಿಯ ಪ್ರಶ್ನೆಯೇ.

ಗೆಳೆಯರೆ, ಮೇಷ್ಟರೆ, ಸಾವಾದ ಮೇಲೆ ಧಿಕ್ಕಾರ ಕೂಗುವುದು ನಮಗೆ ರೂಢಿಯಾಗಿದೆ. ಅದಕ್ಕೂ ಮೊದಲು ಮಾಡುವ ಕೆಲಸವೊಂದಿದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರೋಗ್ಯ ರಕ್ಷಾ ಸಮಿತಿ ಅಂತ ಇರುತ್ತದೆ. ಅದರಲ್ಲಿ ಯಾರಿದ್ದಾರೆ, ಕೇಳಿ. ಆಕ್ಸಿಟೋಸಿನ್ ಎಷ್ಟಿದೆ? ಫ್ರಿಜ್ಜಿನ ತಂಪು ಎಷ್ಟು? ಕರೆಂಟು ಹೋದರೆ ಏನು ಗತಿ? ಕೂಸಿನ ಮಾಸ್ಕು ಹರಿದಿಲ್ಲವಷ್ಟೆ? ಕೇಳಿ, ಬರೆದುಕೊಳ್ಳಿ, ಕೇರಿಯಲ್ಲಿ ಓದಿ ಹೇಳಿ. ಈ ಔಷಧಿಗಳ ಹೆಸರು ನಮ್ಮ ಅವ್ವಂದಿರ ಬಾಯಿಗೆ ಬರಲಿ. ನಾಲ್ಕಕ್ಷರ ಕಲಿತ ನಾವು ಕೇರಿಗೆ ತೀರಿಸಬೇಕಾದ ಸಾಲದಲ್ಲಿ ಇದೂ ಒಂದು.

'ಇಲ್ಲ' ಎಂದವರನ್ನು ಬೈದು ಬರುವುದು ಬೇಡ. ಯಾವತ್ತಿಂದ ಇಲ್ಲ, ಬೇಕೆಂದು ಯಾರಿಗೆ ಬರೆದಿರಿ, ಅವರು ಏನಂದರು ಎಂದು ಕೇಳೋಣ. ಉತ್ತರವನ್ನು ಕಾಗದದ ಮೇಲೆ ಪಡೆಯೋಣ. 'ಇಲ್ಲ'ಕ್ಕೆ ತಾರೀಖು, ಸಹಿ ಬಿದ್ದ ದಿನ ಅದನ್ನು ಹಣೆಬರಹ ಅನ್ನಲು ಯಾರಿಗೂ ಆಗುವುದಿಲ್ಲ.